ಕುಲಪತಿಗಳೇ, ಹೋಗುವಾಗ ಕಾಗದಪತ್ರ ಬಿಟ್ಟುಹೋಗಿ

ರಾಜ್ಯದ ಎಲ್ಲ ವಿಶ್ವವಿದ್ಯಾಲಯಗಳ ಮಾನ್ಯ ಕುಲಪತಿಗಳಿಗೆ,
ಹಾಗೂ ಹಿಂದಿನ ಕುಲಪತಿಗಳ ಮನೆಯವರಿಗೆ,

ಮಾನ್ಯರೇ,

ಸಾದರ ನಮಸ್ಕಾರಗಳು. ನಾನು ವಿಶ್ವವಿದ್ಯಾಲಯವೊಂದರ ಆಡಳಿತ ಕಚೇರಿಗೆ ಟೈಪಿಸ್ಟ್ ಆಗಿ ಸೇರಿ, ಅಧೀಕ್ಷಕನಾಗಿ ನಿವೃತ್ತನಾದವನು. ಬಹಳ ಜನ ಕುಲಪತಿಗಳ ಕೈಕೆಳಗೆ ಕೆಲಸ ಮಾಡಿದ್ದೇನೆ. ಕೆಲವರು ಪ್ರತಿ ಫೈಲನ್ನೂ ಮೊದಲ ಹಾಳೆಯಿಂದ ಓದುತ್ತಿದ್ದರು. ಕೆಲವರು ಟ್ಯಾಗ್ ಬಿಚ್ಚದೆಯೇ ಸಹಿ ಹಾಕುತ್ತಿದ್ದರು. ಅದು ಬೇರೆ ಕತೆ, ಬಿಡಿ. ಇವತ್ತು ಬರೆಯುತ್ತಿರುವುದು ನೀವು ಕುರ್ಚಿ ಬಿಟ್ಟು ಹೊರಟ ಮಾರನೆಯ ದಿನ ಏನಾಗುತ್ತದೆ ಎಂಬುದರ ಬಗ್ಗೆ. ನಿಮಗೆ ಅದು ಕಾಣುವುದಿಲ್ಲ. ನಮಗೆ ಕಾಣುತ್ತದೆ.

ಕಾನೂನಿನ ಪ್ರಕಾರ ನಿಮ್ಮ ಅವಧಿ ನಾಲ್ಕು ವರ್ಷ. ಆ ನಾಲ್ಕು ವರ್ಷದಲ್ಲಿ ನಿಮ್ಮ ಮೇಜಿನ ಮೇಲೆ ಎರಡು ಥರದ ಕಾಗದ ಬರುತ್ತದೆ. ಒಂದು, ಫೈಲಿನ ಒಳಗೆ ಬರುವುದು. ಅದಕ್ಕೆ ನಂಬರಿದೆ, ಟಿಪ್ಪಣಿ ಹಾಳೆ ಇದೆ, ಕೊನೆಗೊಂದು ಗತಿಯೂ ಇದೆ. ಫೈಲು ಮುಗಿದ ಮೇಲೆ ಅದರ ಮೇಲೊಂದು ಅಕ್ಷರ ಬೀಳುತ್ತದೆ. ‘ಎ’ ಬಿದ್ದರೆ ಶಾಶ್ವತ. ‘ಬಿ’ ಬಿದ್ದರೆ 30 ವರ್ಷ. ‘ಸಿ’ ಅಂದರೆ 10, ‘ಡಿ’ ಅಂದರೆ 5. ‘ಇ’ ಬಿದ್ದರೆ ಒಂದೇ ವರ್ಷ, ಆಮೇಲೆ ಮುಗಿಯಿತು. ಈ ಅಕ್ಷರ ಹಾಕುವ ಗುಮಾಸ್ತನಿಗೆ ಯಾವುದು ಇತಿಹಾಸ, ಯಾವುದು ರದ್ದಿ ಎಂದು ಯಾರೂ ಹೇಳಿಕೊಟ್ಟಿರುವುದಿಲ್ಲ. ಆದರೂ ಒಂದು ಪದ್ಧತಿ ಅಂತ ಇದೆ.

ಇನ್ನೊಂದು, ಫೈಲಿನ ಹೊರಗೆ ಬರುವುದು. ಮಂತ್ರಿಗಳ ಅರೆ ಸರ್ಕಾರಿ ಪತ್ರ, ಅಂದರೆ ನಾವು ಡಿ.ಓ. ಎನ್ನುವುದು. ಬೇರೆ ಕುಲಪತಿಗಳು ನಿಮ್ಮ ಹೆಸರಿಗೇ ಬರೆದದ್ದು. ಅತೃಪ್ತ ಪ್ರಾಧ್ಯಾಪಕರ ದೂರು. ಹಳ್ಳಿಯ ಹುಡುಗನ ಇನ್‌ಲ್ಯಾಂಡ್ ಲೆಟರ್. ಸಿಂಡಿಕೇಟ್, ಅಂದರೆ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯ ಸಭೆಗೆ ಮುಂಚೆ ನೀವೇ ಗೀಚಿಕೊಂಡ ಚೀಟಿ. ನಿಮ್ಮ ಭಾಷಣದ ಕರಡು. ಇವೆಲ್ಲ ಆಪ್ತ ಸಹಾಯಕರ ಬೀರುವಿನಲ್ಲಿ ಕೂರುತ್ತವೆ. ಇವಕ್ಕೆ ನಂಬರೂ ಇಲ್ಲ, ಅಕ್ಷರವೂ ಇಲ್ಲ. ನಿಯಮದ ಕಣ್ಣಿಗೆ ಇವು ಇಲ್ಲವೇ ಇಲ್ಲ. ಆದರೆ ವಿಶ್ವವಿದ್ಯಾಲಯ ನಿಜವಾಗಿ ಹೇಗೆ ನಡೆಯಿತು ಎಂದು ತಿಳಿಯಬೇಕಾದರೆ ಇವನ್ನೇ ಓದಬೇಕು. ಫೈಲಿನಲ್ಲಿ ತೀರ್ಮಾನ ಇರುತ್ತದೆ. ಆ ತೀರ್ಮಾನಕ್ಕೆ ಬರಲು ಯಾರು ಯಾರಿಗೆ ಏನು ಹೇಳಿದರು ಅನ್ನುವುದು ಆ ಬೀರುವಿನಲ್ಲಿರುತ್ತದೆ.

ನೀವು ಹೊರಡುವ ದಿನ ಅದರಲ್ಲಿ ಅರ್ಧ ನಿಮ್ಮ ಕಾರಿನ ಡಿಕ್ಕಿಗೆ ಹೋಗುತ್ತದೆ. ಉಳಿದರ್ಧ ಅಲ್ಲೇ ಇರುತ್ತದೆ. ಹೊಸ ಸಾಹೇಬರು ಬರುತ್ತಾರೆ, ಹೊಸ ಆಪ್ತ ಸಹಾಯಕರು ಬರುತ್ತಾರೆ, ಬೀರು ಖಾಲಿ ಮಾಡಿ ಅನ್ನುತ್ತಾರೆ.

ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಯಾವ ವಿಶ್ವವಿದ್ಯಾಲಯ ಎಂದು ಹೇಳುವುದಿಲ್ಲ. ಹೇಳಿದರೆ ಉಳಿದವರೆಲ್ಲ ‘ನಮ್ಮಲ್ಲಿ ಹಾಗಿಲ್ಲ’ ಎಂದು ನಿರಾಳವಾಗಿಬಿಡುತ್ತೀರಿ. ನ್ಯಾಕ್ ತಂಡ, ಅಂದರೆ ವಿಶ್ವವಿದ್ಯಾಲಯಗಳ ಗುಣಮಟ್ಟ ನೋಡಿ ದರ್ಜೆ ಕೊಡುವವರ ತಂಡ, ಬರುವುದಿತ್ತು. ನ್ಯಾಕ್ ಬರುತ್ತದೆ ಎಂದರೆ ನಿಮಗೆ ಗೊತ್ತಲ್ಲ, ಗೋಡೆಗೆ ಸುಣ್ಣ, ಗಿಡಕ್ಕೆ ಕೆಮ್ಮಣ್ಣು, ಕಾರಿಡಾರಿನಲ್ಲಿರುವ ಹಳೆಯದೆಲ್ಲ ಔಟು. ಮೆಟ್ಟಿಲ ಕೆಳಗಿನ ಕೋಣೆಯಿಂದ ಕೆಂಪು ಬಟ್ಟೆಯ ಗಂಟುಗಳನ್ನು ಹೊತ್ತು ತಂದು ಟೆಂಪೊಗೆ ಎಸೆಯುತ್ತಿದ್ದರು. ಗುಜರಿಯವನು ತಕ್ಕಡಿ ತಂದಿದ್ದ. ಒಂದು ಗಂಟು ಬಿಚ್ಚಿಕೊಂಡು ಕೆಲವು ಹಾಳೆ ನೆಲಕ್ಕೆ ಬಿದ್ದವು.

ನಾನು ಎತ್ತಿಕೊಂಡದ್ದು ಒಂದು ಪೋಸ್ಟ್‌ಕಾರ್ಡ್. ಮೂಲೆಯಲ್ಲಿ ಗುಂಡುಪಿನ್ನಿನ ತುಕ್ಕು ಕಾರ್ಡಿನ ಆಚೆ ಬದಿಗೂ ಇಳಿದಿತ್ತು. ವಿದ್ಯಾರ್ಥಿಯೊಬ್ಬ ಬರೆದದ್ದು. ಮಳೆ ಕೈಕೊಟ್ಟಿದೆ, ಅಪ್ಪ ಎತ್ತು ಮಾರಿದ್ದಾರೆ, ಪರೀಕ್ಷಾ ಶುಲ್ಕಕ್ಕೆ ಎರಡು ವಾರ ಟೈಮು ಕೊಡಿಸಬೇಕು ಎಂದು. ಅದರ ಪಕ್ಕದಲ್ಲಿ ಹಸಿರು ಶಾಯಿಯಲ್ಲಿ ಆಗಿನ ಕುಲಪತಿಗಳ ಕೈಬರಹ: ‘ಇಂಥವರು ಎಷ್ಟು ಜನ? ಪಟ್ಟಿ ಮಾಡಿ.’ ಅಷ್ಟೇ. ಆ ವಿಶ್ವವಿದ್ಯಾಲಯದಲ್ಲಿ ಬರಗಾಲದ ವರ್ಷ ಶುಲ್ಕ ವಿನಾಯಿತಿ ಕೊಡುವ ಪದ್ಧತಿ ಹೇಗೆ ಶುರುವಾಯಿತು ಎಂದು ನಾವೆಲ್ಲ ಸುಮ್ನೆ ಊಹೆ ಮಾಡುತ್ತಿದ್ದೆವು. ಸಿಂಡಿಕೇಟ್ ನಡಾವಳಿಯಲ್ಲಿ ‘ಚರ್ಚಿಸಿ ಅನುಮೋದಿಸಲಾಯಿತು’ ಎಂದಷ್ಟೇ ಇದೆ. ಮೂಲ ಆ ಕಾರ್ಡಿನಲ್ಲಿತ್ತು. ಅದನ್ನು ಹಿಡಿದುಕೊಂಡು ಮೇಲಿನವರ ಹತ್ತಿರ ಹೋದೆ. ‘ರೀ, ತಂಡ ನಾಳೆ ಬರುತ್ತೆ, ಇದೆಲ್ಲ ಆಮೇಲೆ ನೋಡೋಣ’ ಅಂದರು. ಟೆಂಪೊ ಹೊರಟುಹೋಯಿತು.

ಹಾಗೆ ತೂಕಕ್ಕೆ ಹೋದದ್ದರಲ್ಲಿ ಇನ್ನೂ ಏನೇನಿತ್ತೋ ಯಾರಿಗೂ ಗೊತ್ತಿಲ್ಲ. ನನ್ನ ದೂರು ಇದೇ. ಕಳೆದುಹೋದದ್ದು ಏನು ಎಂಬ ಪಟ್ಟಿ ಕೂಡ ನಮ್ಮ ಬಳಿ ಇಲ್ಲ.

ನಮ್ಮ ಕುಲಪತಿಗಳಲ್ಲಿ ಅನೇಕರು ಬರೀ ಕುಲಪತಿಗಳಾಗಿರಲಿಲ್ಲ ಎಂಬುದನ್ನು ನೀವು ಒಮ್ಮೆ ನೆನೆಯಬೇಕು. ದಾದಪ್ಪ ಚಿಂತಪ್ಪ ಪಾವಟೆಯವರನ್ನೇ ತೆಗೆದುಕೊಳ್ಳಿ. 1899ರಲ್ಲಿ ಗೋಕಾಕ ತಾಲ್ಲೂಕಿನ ಮಮದಾಪುರದಲ್ಲಿ ಹುಟ್ಟಿದವರು. ಕೇಂಬ್ರಿಜ್‌ನಲ್ಲಿ ಗಣಿತ ಓದಿ ರ‍್ಯಾಂಗ್ಲರ್ ಆದವರು, ಅಂದರೆ ಅಲ್ಲಿನ ಗಣಿತ ಪದವಿಯಲ್ಲಿ ಪ್ರಥಮ ದರ್ಜೆ ಪಡೆದವರು. ಮುಂಬೈ ಸರ್ಕಾರದಲ್ಲಿ ಶಿಕ್ಷಣ ಇಲಾಖೆಯ ನಿರ್ದೇಶಕರಾಗಿದ್ದವರು. 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿ. ಧಾರವಾಡದ ಆ ಗುಡ್ಡದ ಮೇಲಿನ ಕ್ಯಾಂಪಸ್‌ಗೆ ಇವತ್ತಿಗೂ ಪಾವಟೆನಗರ ಎಂದೇ ವಿಳಾಸ. ಅವರು ಕುಲಪತಿಯಾದಾಗ ಧಾರವಾಡ ಮುಂಬೈ ರಾಜ್ಯದಲ್ಲಿತ್ತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬಂತು. ಅಂದರೆ ಒಬ್ಬ ಕುಲಪತಿ ಒಂದೇ ಕುರ್ಚಿಯಲ್ಲಿ ಕೂತು ಎರಡು ರಾಜ್ಯಗಳ ಜೊತೆ ವ್ಯವಹಾರ ಮಾಡಿದ್ದಾರೆ. ಅನುದಾನ ಎಲ್ಲಿಂದ ಬರಬೇಕು? ಸಂಬಳದ ಶ್ರೇಣಿ ಯಾವುದು? ಕಾಲೇಜುಗಳ ಮಾನ್ಯತೆ ಯಾರದ್ದು? ಆ ತಿಂಗಳುಗಳಲ್ಲಿ ಧಾರವಾಡ, ಮುಂಬೈ, ಬೆಂಗಳೂರು ನಡುವೆ ಓಡಾಡಿದ ಡಿ.ಓ. ಪತ್ರಗಳನ್ನು ಓದದೆ ಏಕೀಕರಣದ ಇತಿಹಾಸ ಬರೆದರೆ ಅದು ಅರ್ಧ ಇತಿಹಾಸ. ಮೆರವಣಿಗೆ, ಭಾಷಣ, ನಿರ್ಣಯಗಳ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ಬರೆದಿದ್ದಾರೆ. ಆಡಳಿತ ಹೇಗೆ ಕೈ ಬದಲಾಯಿಸಿತು ಎಂಬ ಬಗ್ಗೆ ಬರೆದದ್ದು ಕಡಿಮೆ.

ಅಲ್ಲಿಂದ ಅವರು ನೇರ ಪಂಜಾಬಿಗೆ ರಾಜ್ಯಪಾಲರಾಗಿ ಹೋದರು, 1967ರಲ್ಲಿ. ಹೊಸದಾಗಿ ವಿಭಜನೆಯಾಗಿದ್ದ ರಾಜ್ಯ. ಮುಖ್ಯಮಂತ್ರಿಗಳು ಒಬ್ಬರ ಹಿಂದೊಬ್ಬರು ಬದಲಾಗುತ್ತಿದ್ದ ಕಾಲ. 1968ರ ಮಾರ್ಚ್ ತಿಂಗಳಲ್ಲಿ ವಿಧಾನಸಭೆಯಲ್ಲಿ ಗದ್ದಲವಾಗಿ, ಸ್ಪೀಕರ್ ಸದನವನ್ನು ಎರಡು ತಿಂಗಳ ಕಾಲ ಮುಂದೂಡಿಬಿಟ್ಟರು. ಬಜೆಟ್ ಪಾಸಾಗಿರಲಿಲ್ಲ. ಮಾರ್ಚ್ 31 ದಾಟಿದರೆ ಸರ್ಕಾರಕ್ಕೆ ಒಂದು ರೂಪಾಯಿ ಖರ್ಚು ಮಾಡುವ ಅಧಿಕಾರ ಇಲ್ಲ. ಪಾವಟೆಯವರು ಅಧಿವೇಶನವನ್ನೇ ಮುಕ್ತಾಯ ಮಾಡಿದರು, ಸುಗ್ರೀವಾಜ್ಞೆ ಹೊರಡಿಸಿದರು, ಮತ್ತೆ ಸದನ ಕರೆದರು. ಹೈಕೋರ್ಟ್ ಇದನ್ನು ಒಪ್ಪಲಿಲ್ಲ. ಸುಪ್ರೀಂ ಕೋರ್ಟ್ ಒಪ್ಪಿತು. ಇದೇ ಸತ್ಯಪಾಲ್ ಡಾಂಗ್ ಪ್ರಕರಣ ಎಂದರೆ ಕಾನೂನು ಓದುವ ಮಕ್ಕಳಿಗೆ ಇವತ್ತಿಗೂ ಗೊತ್ತು. ಆ ಕೆಲವು ದಿನ ಚಂಡೀಗಡದ ರಾಜಭವನದಲ್ಲಿ ಕೂತು ನಿರ್ಧಾರ ಮಾಡಿದವರು ಗೋಕಾಕದ ಕಡೆಯ ಒಬ್ಬ ಗಣಿತದ ಮೇಷ್ಟ್ರು ಎಂಬುದು ಆ ಮಕ್ಕಳಲ್ಲಿ ಎಷ್ಟು ಜನಕ್ಕೆ ಗೊತ್ತು?

ಅವರು ತಮ್ಮ ನೆನಪುಗಳನ್ನು ತಾವೇ ಬರೆದಿದ್ದಾರಲ್ಲ ಅಂತೀರಿ. ಹೌದು, ಬರೆದಿದ್ದಾರೆ. ಕುಲಪತಿಯಾಗಿದ್ದ ದಿನಗಳ ಬಗ್ಗೆಯೂ ಬರೆದಿದ್ದಾರೆ, ರಾಜ್ಯಪಾಲರಾಗಿದ್ದ ದಿನಗಳ ಬಗ್ಗೆಯೂ ಬರೆದಿದ್ದಾರೆ. ಆದರೆ ಯಾರೇ ಆಗಲಿ, ನೆನಪು ಬರೆಯುವಾಗ ತಮಗೆ ಬೇಕಾದದ್ದನ್ನು ಆರಿಸಿ ಬರೆಯುತ್ತಾರೆ. ನಾನು ಬರೆದರೂ ಹಾಗೇ ಬರೆಯುತ್ತೇನೆ. ಬಂದ ಪತ್ರದಲ್ಲಾದರೆ ಎದುರಿನವರ ಮಾತೂ ಇರುತ್ತದೆ, ತಾರೀಖೂ ಇರುತ್ತದೆ. ಎರಡನ್ನೂ ಪಕ್ಕದಲ್ಲಿಟ್ಟು ಓದಿದಾಗ ತಾನೇ ಸತ್ಯ ಎಲ್ಲಿದೆ ಎಂದು ಗೊತ್ತಾಗುವುದು? ಇಂಥವರ ಪತ್ರಗಳು ಎಷ್ಟಿವೆ, ಯಾರ ಬಳಿ ಇವೆ, ಯಾರು ನೋಡಬಹುದು ಎಂಬ ಪಟ್ಟಿಯೊಂದು ಆಯಾ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೇಳಿದ ಕೂಡಲೇ ಸಿಗಬೇಕು. ನಾನು ಕೇಳುತ್ತಿರುವುದು ಅಷ್ಟೇ.

ಮೈಸೂರಿನದ್ದೂ ಇದೇ ಮಾತು. 1916ರಲ್ಲಿ ಅಲ್ಲಿನ ಮೊದಲ ಕುಲಪತಿಯಾದ ಎಚ್.ವಿ. ನಂಜುಂಡಯ್ಯನವರು ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರೂ ಹೌದು. ಅವರ ನಂತರ ಬಂದ ಬ್ರಜೇಂದ್ರನಾಥ ಸೀಲರು ಮೈಸೂರು ಸಂಸ್ಥಾನದ ರಾಜಕೀಯ ಸುಧಾರಣೆಯ ಸಮಿತಿಗೆ ಅಧ್ಯಕ್ಷರಾಗಿದ್ದರು. 1956ರಿಂದ 1960ರವರೆಗೆ ಕುವೆಂಪು ಅವರೇ ಕುಲಪತಿ. ಕುಪ್ಪಳ್ಳಿಗೆ ಹೋದರೆ ಕವಿಯನ್ನು ಕಾಣಬಹುದು. ಮಾನಸಗಂಗೋತ್ರಿ ಕಟ್ಟಲು ಸರ್ಕಾರದ ಜೊತೆ ಗುದ್ದಾಡಿದ ಆಡಳಿತಗಾರ ಪುಟ್ಟಪ್ಪನವರನ್ನು ಕಾಣಲು ಎಲ್ಲಿಗೆ ಹೋಗಬೇಕು? ಇದೇ ಮೈಸೂರಿನಲ್ಲಿ 1905ರಲ್ಲಿ ಶಾಮಶಾಸ್ತ್ರಿಗಳಿಗೆ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಸಿಕ್ಕಿತು ಎಂದು ನಾವು ಇವತ್ತಿಗೂ ಎದೆ ತಟ್ಟಿ ಹೇಳುತ್ತೇವೆ. ಯಾರೋ ಪುಣ್ಯಾತ್ಮರು ಜೋಪಾನ ಮಾಡಿದ್ದರಿಂದ ಸಿಕ್ಕಿತು. ತಾಳೆಗರಿಗೆ ಕೊಡುವ ಮರ್ಯಾದೆಯನ್ನು ಟೈಪ್ ಮಾಡಿದ ಕಾಗದಕ್ಕೂ ಸ್ವಲ್ಪ ಕೊಟ್ಟರೆ ಏನು ನಷ್ಟ?

ಬೆಂಗಳೂರಿನ ಎಚ್. ನರಸಿಂಹಯ್ಯನವರ ವಿಷಯ ಇನ್ನೂ ಮಜಾ. 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. ವಿಧಾನ ಪರಿಷತ್ತಿನ ಸದಸ್ಯರೂ ಆಗಿದ್ದವರು. ಬಾಳಿದ್ದು ಮಾತ್ರ ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲಿ. 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ವಿಶ್ವವಿದ್ಯಾಲಯದಲ್ಲೇ ಒಂದು ಸಮಿತಿ ಮಾಡಿದರು. ಸತ್ಯಸಾಯಿ ಬಾಬಾ ಅವರಿಗೆ ಮೂರು ಪತ್ರ ಬರೆದರು, ಉತ್ತರ ಬರಲಿಲ್ಲ. ಇಡೀ ದೇಶದಲ್ಲಿ ಚರ್ಚೆಯಾಯಿತು. ಈಗ ಹೇಳಿ, ಆ ಪತ್ರಗಳು ನರಸಿಂಹಯ್ಯನವರ ಸ್ವಂತದ್ದೋ, ವಿಶ್ವವಿದ್ಯಾಲಯದ್ದೋ? ಲೆಟರ್‌ಹೆಡ್ ಒಬ್ಬರದ್ದು, ಧೈರ್ಯ ಇನ್ನೊಬ್ಬರದ್ದು. ಆಗ ಅವರನ್ನು ಬೈದು ಬರೆದವರ ಪತ್ರ, ಬೆನ್ನು ತಟ್ಟಿ ಬರೆದವರ ಪತ್ರ, ಎರಡೂ ಒಂದೇ ಪೆಟ್ಟಿಗೆಯಲ್ಲಿದ್ದರೆ ಆ ಕಾಲದ ಬೆಂಗಳೂರು ಏನು ಯೋಚಿಸುತ್ತಿತ್ತು ಎಂದು ಗೊತ್ತಾಗುತ್ತದೆ. ಅದಕ್ಕೇ ನಾನು ಹೇಳುವುದು, ಇದು ಸ್ವಂತದ್ದು, ಅದು ಕಚೇರಿಯದ್ದು ಎಂದು ಕುಲಪತಿಗಳ ಕಾಗದವನ್ನು ಅಷ್ಟು ಸಲೀಸಾಗಿ ಎರಡು ಪಾಲು ಮಾಡಲು ಆಗುವುದಿಲ್ಲ.

ಹೊರಗಡೆ ಹೇಗೆ ಮಾಡುತ್ತಾರೆ ಎಂದು ಒಂದು ಉದಾಹರಣೆ ಕೊಡುತ್ತೇನೆ. ಅಮೆರಿಕದ ಜೇಮ್ಸ್ ಬ್ರ್ಯಾಂಟ್ ಕೋನಂಟ್ 1933ರಿಂದ 1953ರವರೆಗೆ ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಕ್ಷ, ಅಂದರೆ ನಮ್ಮಲ್ಲಿ ಕುಲಪತಿ ಇದ್ದಂತೆ. ಯುದ್ಧದ ಕಾಲದಲ್ಲಿ ಅಣುಬಾಂಬ್ ಯೋಜನೆಯ ಮೇಲ್ವಿಚಾರಣೆ ಮಾಡಿದವರಲ್ಲಿ ಒಬ್ಬರು. ಆಮೇಲೆ ಪಶ್ಚಿಮ ಜರ್ಮನಿಯಲ್ಲಿ ಅಮೆರಿಕದ ಹೈ ಕಮಿಷನರ್, ನಂತರ ರಾಯಭಾರಿ. ಅವರ ಕಾಗದಪತ್ರಗಳು ಹಾರ್ವರ್ಡ್‌ನ ದಾಖಲೆ ಭಂಡಾರದಲ್ಲಿವೆ. 1947ರ ಫೆಬ್ರವರಿಯಲ್ಲಿ ಮಾಜಿ ಯುದ್ಧ ಕಾರ್ಯದರ್ಶಿ ಸ್ಟಿಮ್ಸನ್ ಅವರ ಹೆಸರಿನಲ್ಲಿ, ಬಾಂಬ್ ಹಾಕಿದ್ದು ಯಾಕೆ ಸರಿ ಎಂದು ವಿವರಿಸುವ ಲೇಖನವೊಂದು ಪತ್ರಿಕೆಯಲ್ಲಿ ಬಂತು. ಜಗತ್ತೇ ಓದಿತು. ಆದರೆ ಅದರ ಹಿಂದೆ ಕೋನಂಟ್ ಇದ್ದರು. ಬಾಂಬಿನ ಬಗ್ಗೆ ಟೀಕೆ ಜಾಸ್ತಿ ಆಗುತ್ತಿದೆ, ಯಾರಾದರೂ ಉತ್ತರ ಕೊಡಬೇಕು ಎಂದು 1946ರ ಸೆಪ್ಟೆಂಬರ್‌ನಲ್ಲಿ ಸ್ಟಿಮ್ಸನ್ ಅವರ ಹಳೆಯ ಸಹಾಯಕರೊಬ್ಬರಿಗೆ ಅವರು ಪತ್ರ ಬರೆದಿದ್ದರು. ಆ ಪತ್ರ ಉಳಿದದ್ದರಿಂದ ಲೇಖನದ ಹುಟ್ಟು ಇತಿಹಾಸಕಾರರಿಗೆ ತಿಳಿಯಿತು. ಕೋನಂಟ್ ಅವರಿಗೆ ಇದರಿಂದ ಮೆಚ್ಚುಗೆ ಬಂತೋ ಟೀಕೆ ಬಂತೋ ಎಂಬುದನ್ನು ಓದುಗರು ನೋಡಿಕೊಳ್ಳುತ್ತಾರೆ. ಹಾರ್ವರ್ಡ್ ಮಾತ್ರ ಅದನ್ನು ಸುಡಲಿಲ್ಲ, ಗುಜರಿಗೂ ಹಾಕಲಿಲ್ಲ.

ಹಾಗಂತ ಬಂದವರಿಗೆಲ್ಲ ಬಾಗಿಲು ತೆಗೆದಿಟ್ಟಿಲ್ಲ. ಹಾರ್ವರ್ಡ್‌ನಲ್ಲಿ ಆಡಳಿತದ ದಾಖಲೆ ಸಾಮಾನ್ಯವಾಗಿ 50 ವರ್ಷ ಮುಚ್ಚಿರುತ್ತದೆ. ವಿದ್ಯಾರ್ಥಿಗಳಿಗೆ, ಸಿಬ್ಬಂದಿಗೆ ಸಂಬಂಧಿಸಿದ್ದು 80 ವರ್ಷ. ಅವಧಿ ಮುಗಿದ ಮೇಲೆ ಯಾರು ಬೇಕಾದರೂ ಬಂದು ಓದಬಹುದು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದು ಮುಂದೆ ದೇಶದ ಅಧ್ಯಕ್ಷರಾದ ವುಡ್ರೋ ವಿಲ್ಸನ್ ಅವರ ಕಾಗದಪತ್ರ 69 ಸಂಪುಟಗಳಲ್ಲಿ ಅಚ್ಚಾಗಿದೆ. ಕೆಲಸ ಮುಗಿಯಲು 1966ರಿಂದ 1994ರವರೆಗೆ ಹಿಡಿಯಿತು. ನಮಗೆ 69 ಸಂಪುಟ ಬೇಡ ಸ್ವಾಮಿ. ಮೊದಲು ಒಂದು ಒಣಗಿದ ಕೋಣೆ ಸಾಕು.

ಈ ವಿಷಯ ಎತ್ತಿದಾಗಲೆಲ್ಲ ನನಗೆ ಸಿಗುವ ಉತ್ತರಗಳು ಮಾಮೂಲಿ. ಜಾಗ ಇಲ್ಲ ಅನ್ನುತ್ತಾರೆ. ಅತಿಥಿಗೃಹಕ್ಕೆ, ಹೊಸ ಕಮಾನಿಗೆ ಜಾಗ ಹೇಗೆ ಸಿಕ್ಕಿತು ಎಂದು ನಾನು ಕೇಳುವುದಿಲ್ಲ. ಎಲ್ಲ ಸ್ಕ್ಯಾನ್ ಮಾಡಿಬಿಡೋಣ ಅನ್ನುತ್ತಾರೆ. ಮಾಡಿ, ಬೇಡ ಅಂದವರು ಯಾರು? ಆದರೆ ಸ್ಕ್ಯಾನ್ ಆಯಿತು ಎಂದು ಮೂಲವನ್ನು ಬಿಸಾಡಬೇಡಿ. ಹಸಿರು ಶಾಯಿಯಲ್ಲಿ ಬರೆದದ್ದು ಕಪ್ಪು ಬಿಳುಪು ಸ್ಕ್ಯಾನಿನಲ್ಲಿ ಟೈಪಿನ ಜೊತೆ ಸೇರಿಹೋಗುತ್ತದೆ. ಸ್ಕ್ಯಾನ್ ಹಾಕಿಟ್ಟ ಸಿಡಿಗಳು ಎಷ್ಟೋ ಸಲ ಕೆಲವು ವರ್ಷದ ಮೇಲೆ ತೆರೆಯುವುದೂ ಇಲ್ಲ.

ಒಂದು ಆಕ್ಷೇಪ ಮಾತ್ರ ನಿಜಕ್ಕೂ ಯೋಚಿಸಬೇಕಾದ್ದು. ಈ ಪತ್ರಗಳಲ್ಲಿ ಬೇರೆಯವರ ಮಾನ ಇರುತ್ತದೆ. ಹೆಣ್ಣುಮಗಳೊಬ್ಬಳು ತನ್ನ ಗೈಡ್ ಮೇಲೆ ಕೊಟ್ಟ ದೂರು ಇರುತ್ತದೆ. ಯಾರದ್ದೋ ಕಾಯಿಲೆ, ಯಾರದ್ದೋ ಜಾತಿಯ ಜಗಳ, ಯಾರದ್ದೋ ಅಂಕಪಟ್ಟಿ ಇರುತ್ತದೆ. ಇದನ್ನೆಲ್ಲ ನಾಳೆಯೇ ತೆರೆದಿಡಿ ಎಂದು ನಾನು ಹೇಳುತ್ತಿಲ್ಲ. ಮುಚ್ಚಿಡಿ, ಎಷ್ಟು ವರ್ಷ ಬೇಕೋ ಅಷ್ಟು ವರ್ಷ ಮುಚ್ಚಿಡಿ. ಪೆಟ್ಟಿಗೆಯ ಮೇಲೆ ‘ಇಂಥ ಇಸವಿಯವರೆಗೆ ತೆರೆಯತಕ್ಕದ್ದಲ್ಲ’ ಎಂದು ಬರೆಯಿರಿ. ಈಗ ಆಗುತ್ತಿರುವುದನ್ನು ನೋಡಿ: ಮಾನದ ಹೆಸರಿನಲ್ಲಿ ಗ್ರಂಥಾಲಯಕ್ಕೆ ಕೊಡದ ಅದೇ ದೂರು ಪತ್ರ ಗುಜರಿ ಅಂಗಡಿಯ ಮುಂದೆ ಗಾಳಿಗೆ ಹಾರುತ್ತಿರುತ್ತದೆ. ಅದರಲ್ಲಿ ಬೋಂಡಾ ಕಟ್ಟಿಕೊಟ್ಟದ್ದನ್ನೂ ನಾನು ನೋಡಿದ್ದೇನೆ.

ಕಾನೂನಿನ ಬೆಂಬಲವೂ ಇಲ್ಲದಿಲ್ಲ. ಕೇಂದ್ರದ ಸಾರ್ವಜನಿಕ ದಾಖಲೆಗಳ ಕಾಯ್ದೆ 1993ರಲ್ಲೇ ಬಂತು. ಅದರ ವ್ಯಾಪ್ತಿಯ ಕಚೇರಿಗಳಲ್ಲಿ ನಿಯಮ ಮೀರಿ ದಾಖಲೆ ನಾಶ ಮಾಡಿದರೆ ಐದು ವರ್ಷದವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆ ಕಾಯ್ದೆ ರಾಜ್ಯದ ವಿಶ್ವವಿದ್ಯಾಲಯಗಳಿಗೆ ನೇರವಾಗಿ ತಾಗುವುದಿಲ್ಲ. ಆದರೆ ದಾಖಲೆ ಉಳಿಸುವುದು ಎಷ್ಟು ಗಂಭೀರ ವಿಷಯ ಎಂಬುದು ಅದರಿಂದ ಗೊತ್ತಾಗುತ್ತದೆ ಅಲ್ವಾ? ನಮ್ಮದೇ ರಾಜ್ಯ ಪತ್ರಾಗಾರ ಇಲಾಖೆ ವಿಧಾನಸೌಧದಲ್ಲಿದೆ. ಮೈಸೂರಿನಲ್ಲೂ ಧಾರವಾಡದಲ್ಲೂ ಅದರ ಕಚೇರಿಗಳಿವೆ. ಕೇಳಿದರೆ ದಾರಿ ತೋರಿಸುವ ಜನ ಅಲ್ಲಿದ್ದಾರೆ.

ಈಗ ನನ್ನ ಕೋರಿಕೆ. ಅಧಿಕಾರ ಹಸ್ತಾಂತರದ ದಿನ ನೀವು ಒಂದು ಪಟ್ಟಿಗೆ ಸಹಿ ಹಾಕುತ್ತೀರಿ. ಕಾರು, ಲ್ಯಾಪ್‌ಟಾಪ್, ಬಂಗಲೆಯ ಸೋಫಾ, ಎಲ್ಲದರ ಲೆಕ್ಕ ಅದರಲ್ಲಿರುತ್ತದೆ. ಆ ಪಟ್ಟಿಗೆ ಇನ್ನೊಂದು ಸಾಲು ಸೇರಿಸಿ: ‘ಕುಲಪತಿಗಳ ಪತ್ರವ್ಯವಹಾರ, ಇಷ್ಟು ಪೆಟ್ಟಿಗೆ, ಗ್ರಂಥಾಲಯಕ್ಕೆ ಒಪ್ಪಿಸಿದೆ.’ ಇದಕ್ಕೆ ಅನುದಾನ ಬೇಡ, ಸಿಂಡಿಕೇಟಿನ ಒಂದು ನಿರ್ಣಯ ಸಾಕು. ಮನೆಗೆ ಒಯ್ಯಲೇಬೇಕಾದ ಪತ್ರ ಇದ್ದರೆ ಒಯ್ಯಿರಿ, ಪ್ರತಿ ಬಿಟ್ಟುಹೋಗಿ. ಈಗಿನ ಕಾಲದಲ್ಲಿ ಅರ್ಧ ಆಡಳಿತ ಇಮೇಲ್‌ನಲ್ಲಿ, ಇನ್ನರ್ಧ ವಾಟ್ಸಾಪ್‌ನಲ್ಲಿ ನಡೆಯುತ್ತದೆ ಎಂದು ನಮಗೂ ಗೊತ್ತು. ಕಚೇರಿಯ ಇಮೇಲ್ ಖಾತೆಯನ್ನು ನೀವು ಹೋದ ಮಾರನೆ ದಿನ ಅಳಿಸಿಹಾಕುವ ಅಭ್ಯಾಸ ಮೊದಲು ನಿಲ್ಲಬೇಕು. ಗ್ರಂಥಾಲಯದಿಂದ ಒಬ್ಬರು ಬಂದು ನೋಡಿ ಸಹಿ ಹಾಕುವವರೆಗೆ ಒಂದು ಹಳೆಯ ಗಂಟೂ ಗೇಟು ದಾಟಬಾರದು. ನ್ಯಾಕ್ ಬರಲಿ, ರಾಜ್ಯಪಾಲರೇ ಬರಲಿ.

ಉಳಿಸುತ್ತೇವೆ ಎಂದು ಹೊರಟವರು ಹಾಳು ಮಾಡುವುದೂ ಉಂಟು. ಆದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಲ್ಯಾಮಿನೇಷನ್ ಮಾಡಿಸಬೇಡಿ. ಹರಿದಲ್ಲಿ ಸೆಲ್ಲೋಟೇಪ್ ಹಚ್ಚಬೇಡಿ, ಅದರ ಗೋಂದು ಕೆಲವೇ ವರ್ಷದಲ್ಲಿ ಕಾಗದವನ್ನು ಕಂದು ಮಾಡುತ್ತದೆ. ಗುಂಡುಪಿನ್ನು ತೆಗೆಸಿ. ಪತ್ರಗಳು ಯಾವ ಕ್ರಮದಲ್ಲಿ ಸಿಕ್ಕಿವೆಯೋ ಅದೇ ಕ್ರಮದಲ್ಲಿಡಿ. ತಾರೀಖಿನ ಪ್ರಕಾರ ಜೋಡಿಸಲು ಹೋಗಿ ಯಾವ ಪತ್ರಕ್ಕೆ ಯಾವ ಚೀಟಿ ಎಂಬ ನಂಟನ್ನೇ ಕಳೆಯಬೇಡಿ.

ಹಿಂದಿನ ಕುಲಪತಿಗಳ ಮನೆಯವರಲ್ಲಿ ಬೇರೆಯೇ ಒಂದು ವಿನಂತಿ. ಮನೆ ಒಡೆದು ಅಪಾರ್ಟ್‌ಮೆಂಟ್ ಕಟ್ಟಿಸುವ ಮೊದಲು ಅಟ್ಟ ನೋಡಿ. ಅಪ್ಪನ, ಅಜ್ಜನ ಟ್ರಂಕು ಅಲ್ಲಿದ್ದೀತು. ಪುಸ್ತಕಗಳನ್ನು ಯಾರಾದರೂ ಕೇಳಿ ಪಡೆಯುತ್ತಾರೆ, ಶಾಲು ಹಾರಗಳ ಫೋಟೊ ನೀವೇ ಇಟ್ಟುಕೊಳ್ಳುತ್ತೀರಿ. ಕಾಗದದ ಕಟ್ಟನ್ನು ಮಾತ್ರ ಯಾರೂ ಕೇಳುವುದಿಲ್ಲ. ಅದನ್ನು ಎಸೆಯಬೇಡಿ. ಕೊಡಲು ಮನಸ್ಸಾದರೆ ಸುಮ್ಮನೆ ಕೊಟ್ಟು ಬರಬೇಡಿ, ಬರವಣಿಗೆಯಲ್ಲಿ ಕೊಡಿ. ಯಾವುದನ್ನು ಎಷ್ಟು ವರ್ಷ ಯಾರೂ ನೋಡಬಾರದು, ಪ್ರತಿ ತೆಗೆಯಲು ಯಾರ ಒಪ್ಪಿಗೆ ಬೇಕು ಎಂದು ನೀವೇ ಷರತ್ತು ಹಾಕಿ. ಪೆಟ್ಟಿಗೆವಾರು ಪಟ್ಟಿ ಮಾಡಿಸಿ ಸ್ವೀಕೃತಿ ಪಡೆಯಿರಿ. ನಿಮ್ಮ ಊರಿನ ವಿಶ್ವವಿದ್ಯಾಲಯದ ಮೇಲೆ ನಂಬಿಕೆ ಬರದಿದ್ದರೆ ರಾಜ್ಯ ಪತ್ರಾಗಾರಕ್ಕೆ ಬರೆದು ಕೇಳಿ. ನಂಬಿಕೆ ಬರದಿದ್ದರೆ ತಪ್ಪು ನಿಮ್ಮದಲ್ಲ.

ಮಾನ್ಯ ಕುಲಪತಿಗಳೇ, ನಿಮ್ಮಲ್ಲಿ ಕೆಲವರ ಅವಧಿ ಈ ವರ್ಷವೇ ಮುಗಿಯುತ್ತದೆ. ಹಸ್ತಾಂತರದ ಪಟ್ಟಿ ಕುಲಸಚಿವರ ಕಚೇರಿಯಲ್ಲಿ ಈಗಲೇ ಟೈಪ್ ಆಗುತ್ತಿರಬಹುದು. ಆ ಒಂದು ಸಾಲನ್ನು ಸೇರಿಸಲು ಇವತ್ತೇ ಹೇಳಿ. ಯಾವ ವಿಶ್ವವಿದ್ಯಾಲಯದಲ್ಲಿ ಸೇರಿಸಿದರು, ಯಾವುದರಲ್ಲಿ ಇಲ್ಲ ಎಂದು ನಾವು ಕೆಲವು ನಿವೃತ್ತರು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಕೇಳುವವರಿದ್ದೇವೆ. ಉತ್ತರ 30 ದಿನದೊಳಗೆ ಕೊಡಬೇಕಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಕಚೇರಿ ಅಧೀಕ್ಷಕ